ಹಿಮದ ಹಲಗೆಗೆ ಸುರಪುರದ ಅರ

ಬೆಳಗಿನ ಐದೂಕಾಲು. ಸುರಪುರದ ಗುಡ್ಡದ ಬಂಡೆಗಳು ಇನ್ನೂ ಕತ್ತಲೆಯಲ್ಲೇ ಕುಳಿತಿವೆ. ಕಂಬಾರ ಓಣಿಯ ತುದಿಯ ಕುಲುಮೆಯಲ್ಲಿ ಮಾತ್ರ ಬಲ್ಬು ಉರಿಯುತ್ತಿದೆ. ಹಿಡಿ ಕೂಡಿಸಬೇಕಾದ ನಾಲ್ಕು ಕುಡುಗೋಲು, ಮೊಂಡಾಗಿ ಬಂದ ಎರಡು ಕೊಡಲಿ, ಗೋಗಿ ಕಡೆಯ ಯಾರದೋ ಕುಂಟೆಯ ಕುಡ ಗೋಡೆಗೆ ಒರಗಿವೆ. ಅವುಗಳ ನಡುವೆ ಮರದ ಕಾಲುಗಳ ಮೇಲೆ ಮಲಗಿರುವುದು ಮಾತ್ರ ಈ ಸೀಮೆಯ ಸಾಮಾನಲ್ಲ. ಆರಡಿ ಉದ್ದ, ಅಂಗೈ ಅಗಲ, ಕೆಂಪು ಬಣ್ಣ, ತುದಿಯಲ್ಲಿ ಮೂಗು ಮೇಲೆತ್ತಿದ ಹಲಗೆ. ಬನಿಯನ್, ಲುಂಗಿ ತೊಟ್ಟ ಮನುಷ್ಯರೊಬ್ಬರು ಅದರ ಮೇಲೆ ಬಗ್ಗಿದ್ದಾರೆ. ಒಂದು ಕೈಯಲ್ಲಿ ಸಣ್ಣ ಇಸ್ತ್ರಿಪೆಟ್ಟಿಗೆ, ಇನ್ನೊಂದರಲ್ಲಿ ಹಳದಿ ಮೇಣದ ಗಟ್ಟಿ. ಮೇಣ ಹನಿಹನಿಯಾಗಿ ಬೀಳುತ್ತದೆ, ಇಸ್ತ್ರಿ ಅದನ್ನು ಹಲಗೆಯ ಉದ್ದಕ್ಕೂ ಬಳಿಯುತ್ತ ಹೋಗುತ್ತದೆ.

"ಹಿಂದಕ್ಕ ಸರೀರಿ ಸರ, ಸಿಡೀತದ," ಎನ್ನುತ್ತಾರೆ ಮಾನಪ್ಪ ಕಂಬಾರ, ತಲೆ ಎತ್ತದೆ. ಇಷ್ಟು ಬೆಳಗ್ಗೆ ಏಕೆ ಎಂದು ಕೇಳಿದರೆ ಮೇಲಿನ ತಗಡಿನ ಮಾಡನ್ನು ಗದ್ದದಿಂದಲೇ ತೋರಿಸುತ್ತಾರೆ. ಒಂಬತ್ತಾದರೆ ಅದು ಕಾಯುತ್ತದೆ, ಹಚ್ಚಿದ ಮೇಣ ಬಿಗಿಯುವುದೇ ಇಲ್ಲ. ಒಂದು ವರ್ಷ ಮೇ ತಿಂಗಳ ರಜೆಯಲ್ಲಿ ಬಂದಾಗ ಇಸ್ತ್ರಿಪೆಟ್ಟಿಗೆ ಕಾಯಿಸುವ ಗೋಜೇ ಇರಲಿಲ್ಲವಂತೆ. ಮೇಣ ತಾನಾಗಿಯೇ ಬೆಲ್ಲದ ಪಾಕವಾಗಿ ಹರಿಯಿತಂತೆ. ಅರ್ಧ ನಂಬಿದೆ.

ಆ ಹಲಗೆ ಸ್ಕೀ. ಹಿಮದ ಮೇಲೆ ಜಾರುವ ಪಂದ್ಯದ್ದು. ಯಾದಗಿರಿ ಜಿಲ್ಲೆಯವರಾದ ನಮಗೆ ಹಿಮದ ಪರಿಚಯ ಇರುವುದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ, ಅದೂ ಕರೆಂಟು ಇದ್ದಾಗ. ಆದ್ದರಿಂದ ತುಸು ವಿವರಿಸಬೇಕು. ಬೆಟ್ಟದ ಇಳಿಜಾರಿನಲ್ಲಿ ಗಾಜಿನಷ್ಟು ಗಟ್ಟಿಯಾದ ಹಿಮ. ಅದರ ಮೇಲೆ ಎಡಕ್ಕೊಂದು ಬಲಕ್ಕೊಂದು ನೆಟ್ಟ ಕಂಬಗಳು. ಕಾಲಿಗೆ ಹಲಗೆ ಕಟ್ಟಿಕೊಂಡು, ಒಂದು ಕಂಬವನ್ನೂ ತಪ್ಪಿಸದೆ ಸುತ್ತುತ್ತ, ಹೆದ್ದಾರಿಯ ಬೈಕಿನ ವೇಗದಲ್ಲಿ ಕೆಳಗಿಳಿಯಬೇಕು. ಕಡಿಮೆ ಸಮಯದಲ್ಲಿ ಇಳಿದವರು ಗೆದ್ದಂತೆ. ತಿರುವಿನಲ್ಲಿ ಹಿಮವನ್ನು ಕಚ್ಚಿ ಹಿಡಿಯುವುದು ಹಲಗೆಯ ಎರಡೂ ಬದಿಗೆ ಕೂಡಿಸಿದ ಉಕ್ಕಿನ ಅಂಚು. ಅದರ ಅಗಲ ಎರಡು ಮಿಲಿಮೀಟರ್. ಆ ಎರಡು ಮಿಲಿಮೀಟರಿನ ಹರಿತ ಕಾಯುವುದು ನಲವತ್ತೆರಡು ವರ್ಷದ ನಮ್ಮ ಮಾನಪ್ಪನವರ ಕೆಲಸ.

ಪ್ರತಿ ವರ್ಷ ಅಕ್ಟೋಬರ್ ಬಂತೆಂದರೆ ಅವರು ನಮ್ಮ ದೇಶದ ತಂಡದ ಐವರು ಪಂದ್ಯಗಾರರ ಜೊತೆ ಆಸ್ಟ್ರಿಯಾ ದೇಶದ ಬೆಟ್ಟದ ಹಳ್ಳಿಯೊಂದಕ್ಕೆ ಹೋಗುತ್ತಾರೆ. ಆರು ವಾರಗಳ ತರಬೇತಿ ಶಿಬಿರ. ಆ ಐವರ ಹೆಸರು ಆಗೀಗ ಪತ್ರಿಕೆಯ ಕ್ರೀಡಾಪುಟದ ಮೂಲೆಯಲ್ಲಿ ಬರುತ್ತದೆ. ಮಾನಪ್ಪನವರ ಹೆಸರು ಬಂದದ್ದು ನನಗಂತೂ ಸಿಕ್ಕಿಲ್ಲ. ಈಗ ಕುಲುಮೆಯಲ್ಲಿರುವ ಹಲಗೆ ಐವರಲ್ಲಿ ಒಬ್ಬಳಾದ ಡೋಲ್ಮಾಳದು. ಹಿಮಾಚಲದ ಲಾಹೌಲ್ ಕಣಿವೆಯ ಹುಡುಗಿ, ವಯಸ್ಸು ಇಪ್ಪತ್ತಾರು. ತನ್ನ ಪಂದ್ಯದ ಹಲಗೆಗಳ ಜೊತೆಯನ್ನು ಆಕೆ ಬೇರೆಯವರ ಕೈಗೆ ಕೊಡುವುದಿಲ್ಲ. ಹಾಗಾಗಿ ಅದು ಮಾನಪ್ಪನವರ ಸಂಗಡ ದಿಲ್ಲಿಯಿಂದ ರೈಲು ಹತ್ತಿ ಯಾದಗಿರಿಯಲ್ಲಿ ಇಳಿಯುತ್ತದೆ, ಅಲ್ಲಿಂದ ಬಸ್ಸಿನಲ್ಲಿ ಶಹಾಪುರದ ಮೇಲೆ ಹಾಯ್ದು ಸುರಪುರಕ್ಕೆ ಬರುತ್ತದೆ.

ಆ ಪ್ರಯಾಣದ ಕಥೆಯನ್ನು ಅವರ ಹೆಂಡತಿ ದೇವಿಕಾ ಅವರ ಬಾಯಿಂದಲೇ ಕೇಳಬೇಕು. ಉದ್ದನೆಯ ಕರಿ ಚೀಲವನ್ನು ನೋಡಿ ಕಂಡಕ್ಟರು ಮೊದಲು ಲಗೇಜು ಚೀಟಿ ಹರಿಯುತ್ತಾನೆ, ಆಮೇಲೆ ಒಳಗೇನಿದೆ ಎಂದು ಕೇಳುತ್ತಾನೆ. ರಂಗಂಪೇಟೆಯ ನೇಕಾರರು ಮಗ್ಗದ ಸಾಮಾನೆಂದು ತಿಳಿದು ದರ ವಿಚಾರಿಸಿದ್ದುಂಟು. ಒಬ್ಬ ಅಜ್ಜ ಅದನ್ನು ಹೆಣ ಹೊರುವ ಬಿದಿರೆಂದು ತಿಳಿದು, ಸೀಟು ಬಿಟ್ಟು ಎದ್ದುಹೋದನಂತೆ. ಮಾನಪ್ಪನವರ ತಾಯಿ ಅಮೃತಮ್ಮ ಮೊಬೈಲಿನಲ್ಲಿ ಹಿಮದ ಬೆಟ್ಟದ ಫೋಟೊ ನೋಡಿದ ದಿನ ಬಹಳ ಮರುಗಿದ್ದರು. "ಇಷ್ಟೊಂದು ಹತ್ತಿ ಬಿಡಸಲಾರದ ಬಿಟ್ಟಾರಲ್ಲೋ ತಮ್ಮ, ಆಳು ಸಿಗಲಿಲ್ಲೇನು?" ಎಂದು ಕೇಳಿದ್ದನ್ನು ಮನೆಯವರು ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಅಮೃತಮ್ಮನೂ ನಗುತ್ತಾರೆ.

ಮಾನಪ್ಪ ಕುಲುಮೆಯಲ್ಲೇ ಬೆಳೆದವರು. ಏಳು ವರ್ಷಕ್ಕೆ ತಿದಿ ಒತ್ತಿದರು, ಹತ್ತಕ್ಕೆ ಅರ ಹಿಡಿದರು. ತಂದೆ ಕಾಳಪ್ಪನವರಿಗೆ ಈಗ ಎಪ್ಪತ್ತೇಳು. ಹತ್ತು ಹಳ್ಳಿಯ ಕುಡುಗೋಲು ಹಣಿದ ಕೈ. ಅವರಲ್ಲಿ ಒಂದು ನಿಯಮ ಇದೆ. ಹಣಿದು ಮುಗಿದ ಕುಡುಗೋಲನ್ನು ಎಡಗೈಯ ರೋಮದ ಮೇಲೆ ಹಿಡಿಯ ಕಡೆಯಿಂದ ತುದಿಯವರೆಗೂ ಎಳೆದು ನೋಡಬೇಕು. ಎಲ್ಲಿಯಾದರೂ ಒಂದು ರೋಮ ಉಳಿದರೆ ಮತ್ತೆ ಬೆಂಕಿಗೆ. ತಂದೆಯ ಎಡಗೈಯೂ ಮಗನ ಎಡಗೈಯೂ ಮೊಣಕೈತನಕ ಬೋಳಾಗಿವೆ. ತುದಿ ಮೊಂಡಿರುವ ಕುಡುಗೋಲು ಈ ಕುಲುಮೆಯಿಂದ ಹೊರಗೆ ಹೋದದ್ದಿಲ್ಲ ಎಂದು ಮುದುಕರು ಎದೆ ತಟ್ಟಿ ಹೇಳುತ್ತಾರೆ.

ಆಮೇಲೆ ಭತ್ತ ಕೊಯ್ಯುವ ಮಷೀನುಗಳು ಬಂದವು, ಕುಡುಗೋಲು ತರುವವರು ಕಡಿಮೆಯಾದರು. ಮಾನಪ್ಪ ಐಟಿಐನಲ್ಲಿ ಫಿಟ್ಟರ್ ಕಲಿತು, ಕಲಬುರಗಿಯ ಭರ್ತಿಯಲ್ಲಿ ಸಾಲು ನಿಂತು, ಗಡಿ ಕಾಯುವ ಪಡೆಯೊಂದರ ವರ್ಕ್‌ಶಾಪು ಸೇರಿದರು. ಉತ್ತರಾಖಂಡದ ಹಿಮದ ಗುಡ್ಡಕ್ಕೆ ಹಾಕಿದರು. ಅಲ್ಲಿ ಜೀಪಿನ ಜೊತೆಗೆ ಜವಾನರ ಸ್ಕೀಗಳೂ ರಿಪೇರಿಗೆ ಬರುತ್ತಿದ್ದವು. ಮಾನಪ್ಪ ಅರ ಆಡಿಸಿದ ಹಲಗೆ ಹಿಮ ಬಿಡುವುದಿಲ್ಲ ಎಂಬ ಸುದ್ದಿ ಹಬ್ಬಿತು. ಪಂದ್ಯದ ತಂಡದವರು ಹುಡುಕಿಕೊಂಡು ಬಂದರು. ಏಳು ವರ್ಷದ ಹಿಂದೆ ಮೊದಲ ಸಲ ವಿಮಾನ ಹತ್ತಿದರು.

ಶಿಬಿರದ ದಿನ ಅವರಿಗೆ ಮೂರೂಮುಕ್ಕಾಲಿಗೆ ಹುಟ್ಟುತ್ತದೆ. ವಸತಿಗೃಹದ ನೆಲಮಾಳಿಗೆಯೇ ಅವರ ಕುಲುಮೆ. ದಿನಕ್ಕೆ ಹದಿನಾಲ್ಕು ಜೊತೆ ಹಲಗೆ, ಒಂದು ಜೊತೆಗೆ ನಾಲ್ಕು ಅಂಚಿನಂತೆ ಐವತ್ತಾರು ಅಂಚು. ಅಂಚಿಗೆ ಅರ ಎಳೆಯುವುದು ಹಿಂದಿನ ಸಂಜೆಯೇ ಮುಗಿದಿರುತ್ತದೆ. ಬೆಳಗ್ಗೆ ಮೊದಲು ಗಾಳಿಯ ಚಳಿ ನೋಡಿ ಮೇಣದ ಬಣ್ಣ ಆರಿಸುವುದು, ಕಾಯಿಸಿ ಹಚ್ಚುವುದು, ಆರಿದ ಮೇಲೆ ಹೆರೆದು ಬ್ರಷ್ಷು ಎಳೆಯುವುದು. ಏಳೂಕಾಲಕ್ಕೆ ತಂತಿಯ ಮೇಲೆ ಬೆಟ್ಟ ಹತ್ತುವ ತೂಗುಗಾಡಿಯಲ್ಲಿ ಬೆನ್ನಿಗೆ ನಾಲ್ಕು ಜೊತೆ ಹೊತ್ತು ಪಂದ್ಯಗಾರರ ಸಂಗಡ ಮೇಲಕ್ಕೆ. ಅಲ್ಲಿ ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗೆ, ಕೆಲವು ದಿನ ಹದಿನೆಂಟು.

ಪಂದ್ಯಗಾರರ ಬದುಕೇನು ಸುಖದ್ದೆಂದು ತಿಳಿಯಬೇಡಿ. ಹನ್ನೊಂದರ ಬಿಸಿಲಿಗೆ ಹಿಮ ಮೆದುವಾಗುವ ಮೊದಲು ಆರೇಳು ಸಲ ಇಳಿಯಬೇಕು. ಒಂದು ಸಲದ ಇಳಿಕೆ ಐವತ್ತು ಸೆಕೆಂಡು, ಮತ್ತೆ ಮೇಲೆ ಹೋಗಲು ಇಪ್ಪತ್ತು ನಿಮಿಷ. ಮಧ್ಯಾಹ್ನ ಜಿಮ್ಮು. ಸಂಜೆ ಕೋಚ್ ಆ ದಿನದ ವಿಡಿಯೊ ಹಾಕಿ ಒಬ್ಬೊಬ್ಬರ ಮೊಣಕಾಲನ್ನೂ ನಿಲ್ಲಿಸಿ ನಿಲ್ಲಿಸಿ ತೋರಿಸುತ್ತಾರೆ. ಎಂಟೂವರೆಗೆ ಎಲ್ಲರೂ ಹಾಸಿಗೆ ಸೇರಬೇಕು. ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಬ್ರೆಡ್ಡು. ಮಾನಪ್ಪ ಒಯ್ಯುವ ಎರಡು ಕಿಲೊ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಮೊದಲ ವಾರವೇ ಖಾಲಿಯಾಗುತ್ತದೆ. ಡೋಲ್ಮಾ ಅದನ್ನು ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನುತ್ತಾಳೆ. ಇವರ ಸುರಪುರದ ದಖ್ಖನಿ ಹಿಂದಿ ಕೇಳಿ ಕೇಳಿ, ಬೇಡ, ಸಾಕು ಎನ್ನಲು ಆಕೆಯೂ ಈಗ ‘ನಕ್ಕೋ’ ಎನ್ನುತ್ತಾಳಂತೆ. ಅವಳ ಊರಿನವರಿಗೆ ಅದು ಅರ್ಥವಾಗುವುದಿಲ್ಲ.

ಮೊದಲ ಶಿಬಿರದ ಮಾತು ಬಂದಾಗ ಮಾನಪ್ಪ ಇಸ್ತ್ರಿಪೆಟ್ಟಿಗೆಯ ವೈರು ಕಿತ್ತು ಕೆಳಗಿಟ್ಟರು. ನಗೆಯೂ ನಿಂತಿತು.

ಆಗ ಡೋಲ್ಮಾಗೆ ಹತ್ತೊಂಬತ್ತು. ಆಕೆಯ ಹಲಗೆಯನ್ನು ಮೊದಲ ಸಲ ಕೈಗೆ ತೆಗೆದುಕೊಂಡಾಗ ಮೂಗಿನ ಹತ್ತಿರದ ಒಂದು ಗೇಣು ಅಂಚು ಮೊಂಡಾಗಿರುವುದು ಕಂಡಿತು. ಹಿಂದಿನ ಕೆಲಸಗಾರ ಮೈಗಳ್ಳ ಇರಬೇಕು ಎಂದುಕೊಂಡರು. ಕಾಳಪ್ಪನವರ ಮಗ ತುದಿ ಮೊಂಡ ಬಿಟ್ಟಾನೆಯೇ? ಕುಳಿತು, ಹಿಂಭಾಗದಿಂದ ಮೂಗಿನವರೆಗೂ ಒಂದೇ ಸಮನೆ ಅರ ಎಳೆದರು. ಎಡಗೈಯ ರೋಮದ ಮೇಲೂ ಎಳೆದು ನೋಡಿದರು. ಒಂದೂ ಉಳಿಯಲಿಲ್ಲ. ಜೀವನದಲ್ಲಿ ಅಷ್ಟು ಚೆಂದದ ಅಂಚು ತಾನು ಮಾಡಿರಲಿಲ್ಲ ಎಂದು ಈಗಲೂ ಹೇಳುತ್ತಾರೆ.

ಮರುದಿನ ಗಡಿಯಾರ ಹಿಡಿದು ಇಳಿಸುವ ದಿನ. ಮೂರನೆಯ ಕಂಬದ ತಿರುವಿನಲ್ಲಿ ಹಲಗೆಯ ಮೂಗು ಹಿಮವನ್ನು ಕಚ್ಚಿಕೊಂಡು ಬಿಡಲೇ ಇಲ್ಲ. ಹಲಗೆ ಅತ್ತ ತಿರುಗಿತು, ಡೋಲ್ಮಾಳ ಮೈ ಇತ್ತ. ಬಲ ಮೊಣಕಾಲಿನ ಒಳಗಿನ ಕಟ್ಟು ಹರಿಯಿತು. ಹೆಲಿಕಾಪ್ಟರು ಬಂದು ಎತ್ತಿಕೊಂಡು ಹೋಯಿತು. ಬಿದ್ದ ಜಾಗದಲ್ಲಿ ಹಲಗೆಗಳನ್ನು ಆಯ್ದುಕೊಂಡವರು ಮಾನಪ್ಪ.

ಪಕ್ಕದಲ್ಲಿ ಇನ್ನೊಂದು ದೇಶದ ತಂಡದ ಹಲಗೆ ನೋಡಿಕೊಳ್ಳುವ ಮುದುಕನೊಬ್ಬ ನಿಂತಿದ್ದ. ಅವನಿಗೆ ಹಿಂದಿ ಬರುವುದಿಲ್ಲ, ಇವರಿಗೆ ಅವನ ಭಾಷೆ ಬರುವುದಿಲ್ಲ. ಮುದುಕ ಹಲಗೆಯ ಮೂಗಿನ ಮೇಲೆ ಹೆಬ್ಬೆರಳು ಎಳೆದ, ಮಾನಪ್ಪನವರ ಮುಖ ನೋಡಿದ. ಜೇಬಿನಿಂದ ರಬ್ಬರಿನಂಥ ಕಲ್ಲು ತೆಗೆದು, ಆ ಒಂದು ಗೇಣು ಅಂಚನ್ನು ಉಜ್ಜಿ ಉಜ್ಜಿ ಮೊಂಡ ಮಾಡಿ ತೋರಿಸಿದ. ಅಲ್ಲಿ ಮೊಂಡ ಇದ್ದರೇ ಹಲಗೆ ಸಲೀಸಾಗಿ ತಿರುವು ಹಿಡಿದು ಸಲೀಸಾಗಿ ಬಿಡುತ್ತದೆ. ಮೊದಲಿನವನು ಮೈಗಳ್ಳನಾಗಿರಲಿಲ್ಲ, ಬೇಕೆಂದೇ ಮೊಂಡ ಮಾಡಿಟ್ಟಿದ್ದ. ನಿಧಾನ ಸಾಗುವ ಜವಾನರ ಹಲಗೆಗೆ ಇದರ ಅಗತ್ಯ ಬಿದ್ದಿರಲಿಲ್ಲ. ಆ ಕ್ಷಣ ಮಾನಪ್ಪನವರಿಗೆ ಎಲ್ಲ ತಿಳಿಯಿತು.

ತಿಳಿದದ್ದು ಅವರಿಗೂ ಆ ಮುದುಕನಿಗೂ ಮಾತ್ರ. ಅಂದಿನ ಕೋಚ್ ವಿಡಿಯೊ ನೋಡಿ, ಹುಡುಗಿ ಅಳುಕಿ ಒಳಕ್ಕೆ ವಾಲಿದ್ದೇ ಕಾರಣ, ಒತ್ತಡ ತಡೆಯುವವಳಲ್ಲ ಎಂದು ವರದಿ ಬರೆದ. ಹಾಗೆ ವರದಿ ಹೋದರೆ ಮುಂದಿನ ವರ್ಷದ ಪಟ್ಟಿಯಲ್ಲಿ ಆಕೆಯ ಹೆಸರು ಇರುವುದಿಲ್ಲ. ಆಸ್ಪತ್ರೆಯಲ್ಲಿ ಡೋಲ್ಮಾ ಕೂಡ ಅದನ್ನೇ ನಂಬಿದ್ದಳು, ನನ್ನ ಕಾಲೇ ಸರಿ ಇಲ್ಲ ಎಂದು ಅಳುತ್ತಿದ್ದಳು. ಬಾಯಿ ಬಿಟ್ಟರೆ ತನ್ನ ಕೆಲಸ ಹೋಗುತ್ತದೆ ಎಂಬುದು ಮಾನಪ್ಪನವರಿಗೆ ಗೊತ್ತಿತ್ತು. ಸುರಪುರಕ್ಕೆ ಫೋನು ಮಾಡಿದರು. ದೇವಿಕಾ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದರು:

"ಅಕೀದು ಕಾಲು ಮುರದದ, ನಿಮ್ಮ ಬಾಯಿ ಏನ್ ಮುರದಿಲ್ಲಲ್ರಿ."

ಮರುದಿನ ಮಾನಪ್ಪ ಆಸ್ಪತ್ರೆಗೆ ಹೋಗಿ ಹಾಸಿಗೆಯ ಪಕ್ಕ ನಿಂತು ಹೇಳಿದರು. ಡೋಲ್ಮಾ ಗೋಡೆಯ ಕಡೆ ಮುಖ ತಿರುಗಿಸಿದಳು. ಎರಡು ದಿನ ಮಾತಾಡಲಿಲ್ಲ. ಅಷ್ಟರಲ್ಲಿ ಅವರು ತಂಡದ ಮ್ಯಾನೇಜರಿಗೆ ತಮ್ಮ ಕೈಬರಹದಲ್ಲೇ ಪತ್ರ ಬರೆದುಕೊಟ್ಟಾಗಿತ್ತು. ವರದಿ ತಿದ್ದಿದರು. ಹುಡುಗಿಯ ಹೆಸರು ಉಳಿಯಿತು. ಮಾನಪ್ಪನವರನ್ನು ವಾಪಸು ವರ್ಕ್‌ಶಾಪಿಗೆ ಕಳಿಸಿದರು. ಎರಡು ಚಳಿಗಾಲ ಜೀಪುಗಳ ಕೆಳಗೆ ಮಲಗಿ ಕಳೆದರು.

ಡೋಲ್ಮಾ ಹನ್ನೊಂದು ತಿಂಗಳಿಗೆ ಮತ್ತೆ ಹಲಗೆ ಕಟ್ಟಿದಳು. ಬೇರೆ ಕೆಲಸಗಾರರು ಬಂದರು, ಹೋದರು. ಮೂರನೆಯ ವರ್ಷ ಆಕೆಯೇ ಮ್ಯಾನೇಜರಿನ ಮುಂದೆ ಕುಳಿತು ಮಾನಪ್ಪ ಭಯ್ಯಾನನ್ನು ಕರೆಸಿ ಎಂದಳು. ನಿನ್ನ ಮೊಣಕಾಲು ಮುರಿದವನನ್ನೇ? ಎಂದು ಆತ ಕೇಳಿದ್ದಕ್ಕೆ ಆಕೆ ಕೊಟ್ಟ ಉತ್ತರವನ್ನು ತಂಡದಲ್ಲಿ ಎಲ್ಲರೂ ಬಲ್ಲರು. ಬೇರೆಯವರು ಕೊಟ್ಟ ಹಲಗೆಯಲ್ಲಿ ಏನಿದೆ ಎಂದು ನನಗೆ ಗೊತ್ತಾಗುವುದಿಲ್ಲ, ಇವರ ಹಲಗೆಯಲ್ಲಿ ತಪ್ಪಿದ್ದರೆ ಇವರೇ ಬಂದು ಹೇಳುತ್ತಾರೆ ಎಂದಳಂತೆ. ಇದನ್ನು ನನಗೆ ಹೇಳುವಾಗ ಮಾನಪ್ಪ ಹೊರಗಿನ ಬೇವಿನ ಮರ ನೋಡುತ್ತಿದ್ದರು. ನಾನೂ ಅದನ್ನೇ ನೋಡಿದೆ.

ಅಲ್ಲಿಂದ ನಾಲ್ಕು ಶಿಬಿರ ಆದವು. ಈಗಿನದು ಎಲ್ಲಕ್ಕಿಂತ ದೊಡ್ಡದು. ಶಿಬಿರ ಮುಗಿದೊಡನೆ ಡಿಸೆಂಬರಿನಲ್ಲಿ ನಾಲ್ಕು ಪಂದ್ಯಗಳಿವೆ. ಅವುಗಳಲ್ಲಿ ಸಮಯ ಸುಧಾರಿಸಿದರೆ ಡೋಲ್ಮಾ ದೊಡ್ಡ ಕೂಟದ ಪಟ್ಟಿ ಸೇರುತ್ತಾಳೆ. ಇಲ್ಲವೆಂದರೆ ಮುಂದಿನ ವರ್ಷ ಆಕೆಯ ಜಾಗಕ್ಕೆ ಚಿಕ್ಕವರು ಬರುತ್ತಾರೆ. ಒಮ್ಮೆ ಹೊಲಿದ ಮೊಣಕಾಲಿಗೆ ಇದೇ ಕೊನೆಯ ಅವಕಾಶ. ತಂಡದ ಜೊತೆ ಹಲಗೆ ನೋಡಿಕೊಳ್ಳಲು ಹೋಗುವವರು ಒಬ್ಬರೇ. ಅವರ ಕೈ ಸರಿ ಇರಬೇಕು.

ಇಷ್ಟು ಬರೆದುಕೊಂಡು, ಚಹಾ ಕುಡಿದು, ಲೇಖನ ಮುಗಿಯಿತೆಂದುಕೊಂಡು ನಾನು ಯಾದಗಿರಿಗೆ ಹೊರಟಿದ್ದೆ. ಫೋಟೊ ತೆಗೆಯಲು ಜೊತೆಗೆ ಬಂದಿದ್ದ ಫಿರೋಜ್, ಬೆಳಕು ಚೆನ್ನಾಗಿ ಬಂದಿಲ್ಲ, ನಾಳೆ ಇನ್ನೊಮ್ಮೆ ಬರೋಣ ಎಂದ. ಹಾಗಾಗಿ ಎರಡನೆಯ ಬೆಳಗ್ಗೆಯೂ ಆ ಕುಲುಮೆಯಲ್ಲಿದ್ದೆ.

ಅಂದು ಹತ್ತಿಯ ಕಳೆ ತೆಗೆಯಲು ಹೊರಟ ಯಂಕಮ್ಮ ಎಂಬವರು ಕುರ್ಪಿ ತಂದಿದ್ದರು. ಕಾಳಪ್ಪ ಹಣಿದು, ಅರ ಆಡಿಸಿ, ಮಗನ ಕೈಗೆ ಕೊಟ್ಟರು. ಅರ ಎಳೆದಾಗ ಅಂಚಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಸಿಬಿರು ಏಳುತ್ತದೆ. ಕಂಬಾರರು ಅದಕ್ಕೆ ಮುಳ್ಳು ಎನ್ನುತ್ತಾರೆ. ಹಲಗೆಯ ಅಂಚಿನಲ್ಲೂ ಅದು ಏಳುತ್ತದೆ. ಅದು ಉಳಿದರೆ ಹಲಗೆ ಹಿಮದಲ್ಲಿ ತಡವರಿಸುತ್ತದೆ. ಶ್ರೀಮಂತ ತಂಡಗಳಿಗೆ ಅದನ್ನು ತೆಗೆಯಲು ಮಷೀನಿದೆ, ನಮ್ಮವರಿಗೆ ಹೆಬ್ಬೆರಳೇ ಮಷೀನು. ಮಾನಪ್ಪ ಬಲಗೈ ಹೆಬ್ಬೆರಳನ್ನು ಕುರ್ಪಿಯ ಅಂಚಿನ ಮೇಲೆ ಎಳೆದು, ಸರಿಯಾಗಿದೆ ಎಂದು ಯಂಕಮ್ಮನಿಗೆ ಚಾಚಿದರು. ಕಾಳಪ್ಪ ನಡುವೆ ಕೈ ಹಾಕಿ ಇಸಿದುಕೊಂಡರು. ತಾವೂ ಮುಟ್ಟಿ ನೋಡಿದರು. ಮತ್ತೆ ನಾಲ್ಕು ಸಲ ಕಲ್ಲಿಗೆ ಎಳೆದು ಆಕೆಯನ್ನು ಕಳಿಸಿದರು.

ಆಕೆ ಓಣಿ ದಾಟಿದ ಮೇಲೆ ಮುದುಕರು ಮಗನ ಬಲಗೈ ಹಿಡಿದುಕೊಂಡರು. ಗೋಡೆಗಿದ್ದ ಕುಡುಗೋಲನ್ನು ತೆಗೆದು, ಹೆಬ್ಬೆರಳ ತುದಿಯನ್ನು ಅದರ ಅಂಚಿಗೆ ಮೆಲ್ಲಗೆ ಒತ್ತಿದರು. ಒಂದು ಹನಿ ರಕ್ತ ಬಂತು. ಮಾನಪ್ಪನವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅವರಿಗೆ ಗೊತ್ತೇ ಆಗಿರಲಿಲ್ಲ.

"ಯಾವಾಗಿಂದ?" ಕೇಳಿದರು ಕಾಳಪ್ಪ.

"ಹ್ವಾದ ಕಾರ್ತೀಕದಿಂದ," ಎಂದರು ಮಗ.

ಹೋದ ವರ್ಷದ ಶಿಬಿರದಲ್ಲಿ, ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ, ಡೋಲ್ಮಾಳ ಹಲಗೆ ಕಲ್ಲಿಗೆ ತಾಗಿ ಅಂಚು ಮುಕ್ಕಾಗಿತ್ತು. ಆಕೆಯ ಸರದಿ ಬರಲು ಹತ್ತು ನಿಮಿಷ ಇತ್ತು. ಗ್ಲೌಸು ತೆಗೆದು ಬರಿಗೈಯಲ್ಲಿ ಅರ ಹಿಡಿದು ಸರಿಮಾಡಿದರು. ಬೆರಳು ಮೊದಲು ಬೆಳ್ಳಗಾಯಿತು, ಆಮೇಲೆ ಕಪ್ಪಾಯಿತು, ಚರ್ಮ ಸುಲಿದು ಹೊಸದು ಬಂತು. ಸ್ಪರ್ಶ ಮಾತ್ರ ಬರಲಿಲ್ಲ. ಕಲಬುರಗಿಯ ಡಾಕ್ಟರು ನರ ಸತ್ತಿದೆ, ಬಂದರೂ ಬರಬಹುದು ಎಂದಿದ್ದಾರೆ. ಎಡಗೈ ಹೆಬ್ಬೆರಳೋ, ಚಿಕ್ಕಂದಿನಿಂದ ಕಾದ ಇಕ್ಕುಳ ಹಿಡಿದು ಜಡ್ಡುಗಟ್ಟಿದೆ, ಅದಕ್ಕೂ ಮುಳ್ಳು ತಿಳಿಯದು. ಹತ್ತು ತಿಂಗಳಿಂದ ಈ ಮನುಷ್ಯ ಈ ಸಂಗತಿಯನ್ನು ಹೆಂಡತಿಗೂ ಹೇಳಿರಲಿಲ್ಲ.

ಮುದುಕರಿಗೆ ಸಿಟ್ಟು ಬಂದಿತ್ತು. ಆದರೆ ಬೈಯಲಿಲ್ಲ. "ಆ ಹುಡುಗಿಗೆ ಹೇಳಿಯೇನು?" ಎಂದಷ್ಟೇ ಕೇಳಿದರು. ಮಾನಪ್ಪ ತಲೆ ತಗ್ಗಿಸಿದರು. ಹೇಳಿದರೆ ಈ ಸಲದ ಟಿಕೆಟ್ಟು ಬೇರೆಯವರಿಗೆ ಹೋಗುತ್ತದೆ. ಆಕೆಯ ಕೊನೆಯ ಶಿಬಿರಕ್ಕೆ ತಾನಿಲ್ಲದಂತಾಗುತ್ತದೆ. ಇನ್ನು ಹತ್ತು ದಿನಕ್ಕೆ ಹೊರಡಬೇಕಿತ್ತು.

ನಾನು ಪೇಚಿಗೆ ಸಿಲುಕಿದೆ. ಕಂಡದ್ದನ್ನು ಬರೆಯದಿದ್ದರೆ ಈ ಲೇಖನ ಸುಳ್ಳು. ಬರೆದರೆ ಅವರ ಹೊಟ್ಟೆಯ ಮೇಲೆ, ಅದಕ್ಕಿಂತ ಹೆಚ್ಚಾಗಿ ಅವರ ಮನಸ್ಸಿನ ಮೇಲೆ ಹೊಡೆದಂತೆ. ಬಿಡಿ, ಈ ಭಾಗ ಬರೆಯುವುದಿಲ್ಲ ಎಂದೆ. ಅವರು ಬೆರಳಿಗೆ ಬಟ್ಟೆ ಸುತ್ತಿಕೊಂಡರು.

"ಬರೀರಿ ಸರ. ಆದ್ರ ನಿಮ್ಮ ಪೇಪರಿನಾಗ ಬರೋಕಿಂತ ಮೊದಲ ಅಕೀಗೆ ನಾ ಹೇಳಬೇಕು. ನಾಳಿ ಮುಂಜಾನಿ ಹೇಳ್ತೀನಿ."

ಅಂದು ಇಡೀ ದಿನ ನನಗೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ. ಪರಿಚಯವಾಗಿ ಎರಡು ದಿನವಾದ ಮನುಷ್ಯನಿಗಾಗಿ ಇಷ್ಟು ಕಳವಳ ಪಡುವುದು ನನ್ನ ಸ್ವಭಾವವಲ್ಲ. ಮೂರನೆಯ ಬೆಳಗ್ಗೆ ಫಿರೋಜ್‌ನನ್ನು ನಾನೇ ಎಬ್ಬಿಸಿದೆ.

ಆರೂವರೆ. ಮಾನಪ್ಪ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುಲುಮೆಯ ಹೊಸ್ತಿಲ ಮೇಲೆ ಕುಳಿತಿದ್ದಾರೆ. ದೇವಿಕಾ ಬಾಗಿಲಿಗೆ ಆತು ನಿಂತಿದ್ದಾರೆ. ಹಿಂದಿನ ಸಂಜೆ ಅವರಿಗೂ ಹೇಳಿ, ಸಾಕಷ್ಟು ಬೈಸಿಕೊಂಡಾಗಿದೆ ಎಂಬುದು ಇಬ್ಬರ ಮುಖದಲ್ಲೂ ಕಾಣುತ್ತದೆ. ಕಾಳಪ್ಪ ಒಳಗೆ ಅರ ಆಡಿಸುವುದನ್ನು ನಿಲ್ಲಿಸಿದ್ದಾರೆ. ವಿಡಿಯೊ ಕಾಲ್ ಹತ್ತಿತು. ಆ ಕಡೆ ಕೆಂಪು ಕೆನ್ನೆಯ ಹುಡುಗಿ, ಕೈಯಲ್ಲಿ ಚಹಾ ಲೋಟ, ಹಿಂದೆ ಸೇಬಿನ ಗಿಡ.

ಮಾನಪ್ಪ ಸುತ್ತುಬಳಸು ಮಾಡಲಿಲ್ಲ. ಹೆಬ್ಬೆರಳನ್ನು ಮೊಬೈಲಿನ ಮುಂದೆ ಹಿಡಿದರು. ಇದು ಸತ್ತಿದೆ, ಮುಳ್ಳು ತಿಳಿಯುವುದಿಲ್ಲ, ಹತ್ತು ತಿಂಗಳಾಯಿತು, ಹೇಳಲಿಲ್ಲ, ತಪ್ಪಾಯಿತು ಎಂದರು. ಹೋದ ಜನವರಿಯ ಪಂದ್ಯಗಳಿಗೂ ಇದೇ ಬೆರಳಿನಿಂದ ನೋಡಿ ಕೊಟ್ಟೆ, ನಿನ್ನ ಸಮಯ ಕೆಟ್ಟಿದ್ದು ನನ್ನಿಂದಲೂ ಇರಬಹುದು ಎಂದರು. ನಿನ್ನ ಪ್ರತಿ ಹಲಗೆಯ ಲೆಕ್ಕವೂ ನನ್ನ ನೋಟುಪುಸ್ತಕದಲ್ಲಿದೆ, ಎಲ್ಲಿ ಎಷ್ಟು ಹರಿತ, ಎಲ್ಲಿ ಎಷ್ಟು ಮೊಂಡ ಎಂದು ಬರೆದಿಟ್ಟಿದ್ದೇನೆ, ಹೊಸಬರಿಗೆ ಅದನ್ನು ಕಳಿಸಿಕೊಡುತ್ತೇನೆ, ಇವತ್ತೇ ಮ್ಯಾನೇಜರಿಗೆ ಹೇಳಿ ಬೇರೆಯವರನ್ನು ನೋಡಿಕೊ ಎಂದರು.

ಡೋಲ್ಮಾ ಲೋಟ ಕೆಳಗಿಟ್ಟಳು. ಏಳು ವರ್ಷದ ಹಿಂದಿನಂತೆ ಮುಖ ತಿರುಗಿಸುತ್ತಾಳೆಂದು ನಾನು ಕಾದೆ. ಎಡಗೈ ಬೆರಳು ಹೇಗಿದೆ ಎಂದು ಕೇಳಿದಳು. ಜಡ್ಡುಗಟ್ಟಿದೆ ಎಂದರು. ಆಮೇಲೆ ತನ್ನ ಎರಡೂ ಕೈಗಳನ್ನು ಅಗಲಿಸಿ ಪರದೆಯ ತುಂಬ ಹಿಡಿದಳು. ಹಿಂದಿಯಲ್ಲಿ ಹೇಳಿದ್ದರ ಸಾರ ಇಷ್ಟು:

"ನನಗೂ ಹತ್ತು ಬೆರಳಿವೆ ಭಯ್ಯಾ. ಏಳು ವರ್ಷದಿಂದ ಗ್ಲೌಸಿನೊಳಗೆ ಕಾಪಾಡಿಟ್ಟಿದ್ದೇನೆ. ನೀವು ಅರ ಎಳೆಯಿರಿ, ಮುಳ್ಳು ನಾನು ನೋಡುತ್ತೇನೆ. ಅದು ಬೆರಳಿಗೆ ಹೇಗೆ ತಿಳಿಯುತ್ತದೆ ಅಂತ ಮೊದಲು ಕಲಿಸಿ."

ಮಾನಪ್ಪ ಒಪ್ಪಲಿಲ್ಲ. ಪಂದ್ಯಗಾರ್ತಿ ಸಂಜೆ ಕಾಲು ಮೇಲೆ ಹಾಕಿ ಮಲಗಬೇಕು, ನೆಲಮಾಳಿಗೆಯಲ್ಲಿ ನಿಲ್ಲಬಾರದು ಎಂದು ವಾದ ಹೂಡಿದರು. ಕೋಚ್ ಬೈಯುತ್ತಾರೆ ಎಂದರು. ಆಕೆ ‘ನಕ್ಕೋ’ ಎಂದಳು, ಅದು ನನಗೂ ಕೇಳಿಸಿತು. ಸಂಜೆ ಕೋಚ್ ತೋರಿಸುವ ವಿಡಿಯೊ ಮುಗಿದ ಮೇಲಿನ ಅರ್ಧ ಗಂಟೆ ತನ್ನದೇ, ಅದನ್ನು ಏನು ಬೇಕಾದರೂ ಮಾಡುತ್ತೇನೆ ಎಂದಳು. ಮ್ಯಾನೇಜರಿಗೆ ಇವತ್ತೇ ಎಲ್ಲವನ್ನೂ ಹೇಳುವುದಾಗಿ, ಮುಚ್ಚಿಡುವುದಿಲ್ಲವೆಂದು ಹೇಳಿದಳು. ಹತ್ತು ತಿಂಗಳು ಮುಚ್ಚಿಟ್ಟದ್ದಕ್ಕೆ ತನಗೆ ಸಿಟ್ಟು ಬಂದಿದೆ, ಅದನ್ನು ಆಸ್ಟ್ರಿಯಾದಲ್ಲಿ ತೀರಿಸಿಕೊಳ್ಳುತ್ತೇನೆ ಎಂದೂ ಸೇರಿಸಿದಳು.

ಈ ಪುಟ ಅಚ್ಚಿಗೆ ಹೋಗುವ ಹೊತ್ತಿಗೆ ಮ್ಯಾನೇಜರಿನ ಉತ್ತರ ಬಂದಿದೆ. ಮಾನಪ್ಪ ಹೋಗಬಹುದು. ಮೊದಲ ವಾರದ ಸಮಯ ನೋಡುತ್ತಾರೆ. ಐವರಲ್ಲಿ ಯಾರ ಸಮಯ ಕುಸಿದರೂ ಅಲ್ಲಿಯದೇ ಒಬ್ಬ ಕೆಲಸಗಾರನನ್ನು ಗೊತ್ತು ಮಾಡಿ, ಇವರನ್ನು ವಾಪಸು ಕಳಿಸುತ್ತಾರೆ. ಇದು ದಯೆಯೂ ಅಲ್ಲ, ಶಿಕ್ಷೆಯೂ ಅಲ್ಲ, ನ್ಯಾಯವಾದ ಮಾತು ಎಂದು ಮಾನಪ್ಪನವರೇ ಹೇಳುತ್ತಾರೆ. ಕಾಳಪ್ಪನವರಿಗೆ ಮಾತ್ರ ಸಮಾಧಾನವಿಲ್ಲ. ಬೆರಳಿಗೆ ಮುಳ್ಳು ತಿಳಿಯುವಂತೆ ಮಾಡಲು ಮಗನಿಗೆ ಒಂದು ವರ್ಷ ಹಿಡಿದಿತ್ತು, ಆ ಹುಡುಗಿ ಆರು ವಾರದಲ್ಲಿ ಏನು ಕಲಿಯುತ್ತಾಳೆ, ಸುರಪುರಕ್ಕೇ ಕರೆಸು, ನಾನೇ ಕಲಿಸುತ್ತೇನೆ ಎಂದು ಹಟ ಹಿಡಿದಿದ್ದಾರೆ. ಅಮೃತಮ್ಮ ಆಕೆಗೆಂದು ಈ ಸಲ ಮೂರು ಕಿಲೊ ಶೇಂಗಾ ಹುರಿದಿದ್ದಾರೆ.

ಹೊರಡುವ ಮೊದಲು, ಈ ಸಲದ ಆಸೆ ಏನು ಎಂದು ಮಾನಪ್ಪನವರನ್ನು ಕೇಳಿದೆ. ಪದಕ ಎನ್ನುತ್ತಾರೇನೋ ಎಂದು ಪೆನ್ನು ತೆರೆದೆ. ಅವರು ಹಲಗೆಯನ್ನು ಚೀಲಕ್ಕೆ ಇಳಿಸಿ, ಜಿಪ್ಪು ಎಳೆದು, ಆಮೇಲೆ ಹೇಳಿದರು:

"ಆಸಿ ಏನ್ರಿ ಸರ, ಅಕೀ ಕೆಳಗ ಇಳಿಯೋತನ ನಿಂತು ನೋಡೋದು. ಗೆದ್ರ ಅದು ಅಕೀದು. ಮೊದಲಾಗಿದ್ರ, ಬಿದ್ರ ತಪ್ಪು ನಂದು ಅಂತಿದ್ದೆ. ಇನ್ನ ಮ್ಯಾಲ ಆ ತಪ್ಪಷ್ಟೂ ನಂದೇ ಅನ್ನಾಕ ಅಕೀ ಬಿಡಂಗಿಲ್ಲ."